ಹೊಸಬರೇ, ಹೆದರಬೇಡಿ

ಮನೆಯಿಂದ,
ಹನ್ನೆರಡನೇ ತಾರೀಖು, ಗುರುವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮಂಡಿನೋವು ಸ್ವಲ್ಪವಾದರೂ ಇಳಿದಿದೆಯೇ, ಇಲ್ಲ ಮೊಮ್ಮಗಳನ್ನು ಎತ್ತಿಕೊಂಡು ಓಡಾಡಿ ಇನ್ನಷ್ಟು ಏರಿಸಿಕೊಂಡಿದ್ದೀಯೋ? ಮಗು ಹಗಲೂ ರಾತ್ರಿ ಒಂದೇ ಸಮ ಅಳುತ್ತದೆ ಎಂದು ನೀನು ಬರೆದಿದ್ದೆ. ಅಳಲಿ ಬಿಡು, ನಮ್ಮ ಮನೆತನದಲ್ಲಿ ಸಣ್ಣ ಗಂಟಲಿನವರು ಯಾರಿದ್ದಾರೆ? ಬಾಣಂತಿಗೆ ಚೆನ್ನಾಗಿ ನಿದ್ದೆ ಮಾಡಲು ಹೇಳು.

ಈಗ ನನ್ನ ವಿಷಯ. ಸುತ್ತಿಬಳಸಿ ಹೇಳಲು ಬರುವುದಿಲ್ಲ. ಬಲಗಣ್ಣಿಗೆ ಬೆಳಕು, ಕತ್ತಲೆ ಬಿಟ್ಟು ಬೇರೇನೂ ತಿಳಿಯುತ್ತಿಲ್ಲ. ಎಡಗಣ್ಣೂ ಮಂಜಾಗುತ್ತಿದೆ. ಅಮ್ಮನಿಗೆ ಬಂದದ್ದೇ ನನಗೂ ಬಂದಿದೆಯಂತೆ. ಆಪರೇಷನ್ ಮಾಡಿದರೆ ಉಳಿದಿರುವಷ್ಟು ಉಳಿಯಬಹುದು, ಆದರೆ ಮಾತು ಕೊಡಲಾರೆ ಎಂದರು ಡಾಕ್ಟರು. ಇಪ್ಪತ್ತಮೂರಕ್ಕೆ ಗೊತ್ತುಮಾಡಿದ್ದಾರೆ. ಫೋನಿನಲ್ಲಾದರೆ ನನ್ನ ದನಿ ಕೇಳಿಯೇ ನೀನು ಹೊರಟುಬಿಡುತ್ತಿದ್ದೆ, ಅದಕ್ಕೇ ಪತ್ರ. ಬಾಣಂತನ ಬಿಟ್ಟು ಬರಬೇಡ. ನಮ್ಮ ಪ್ರೆಸ್ಸಿನಲ್ಲಿ ಬೈಂಡಿಂಗ್ ಮಾಡುವ ಗೆಳತಿ ನನ್ನ ಜೊತೆಗಿರುತ್ತಾಳೆ. ಇಷ್ಟು ದಿನ ಮುಚ್ಚಿಟ್ಟಿದ್ದಕ್ಕೆ ಎಷ್ಟು ಬೇಕಾದರೂ ಬೈದುಕೋ.

ಪ್ರೆಸ್ಸಿನಲ್ಲಿ ಅವಳೊಬ್ಬಳನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಟೈಪ್ ಮಾಡಲು ನನಗೆ ಬೆರಳಿದ್ದರೆ ಸಾಕು. ಹೋದ ತಿಂಗಳು ಪ್ರೆಸ್ಸಿನ ಯಜಮಾನರು ಅಲ್ಲಿನ ಎಲ್ಲ ಕಂಪ್ಯೂಟರುಗಳಿಗೂ ಹೊಸ ಆಪರೇಟಿಂಗ್ ಸಿಸ್ಟಂ ಹಾಕಿಸಿದರು. ಅದು ಪರದೆಯ ಮೇಲಿರುವುದನ್ನೆಲ್ಲ ಓದಿ ಹೇಳುತ್ತದೆ ಎಂದು ಗೊತ್ತಾಗಿ ನಾನು ಮೊದಲೇ ಮನೆಯಲ್ಲಿ ಹಾಕಿಸಿಕೊಂಡಿದ್ದೆ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತರೆ ಯಜಮಾನರು ‘ಏನಮ್ಮ, ಹಾಡು ಕೇಳ್ಕೊಂಡು ಕೆಲಸಾನಾ’ ಎಂದು ನಗುತ್ತಾರೆ. ನಾನೂ ನಗುತ್ತೇನೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ.

ಉಳಿದವರೆಲ್ಲ ಹೊಸದನ್ನು ಮುಟ್ಟಲೂ ಅಂಜುತ್ತಿದ್ದರು. ನನಗೆ ಬರುತ್ತದೆ ಎಂದು ತಿಳಿದದ್ದೇ ತಡ, ಹೊಸಬರಿಗೆ ನಾಲ್ಕು ಸಲಹೆ ಬರೆದುಕೊಡಿ ಎಂದು ನನ್ನ ತಲೆಗೇ ಕಟ್ಟಿದರು. ಬರೆದೆ. ಹಳೆಯ ಫೈಲುಗಳು ಎಲ್ಲಿಗೂ ಓಡಿಹೋಗಿಲ್ಲ, ಹೆಸರಿನ ಮೊದಲಕ್ಷರಗಳನ್ನು ಒತ್ತಿದರೆ ತಾವೇ ಬರುತ್ತವೆ. ಏನಾದರೂ ಎಡವಟ್ಟಾದರೆ ಗಾಬರಿಯಲ್ಲಿ ಇನ್ನೊಂದು ಕೀಲಿ ಒತ್ತಬೇಡಿ, ಕೈ ಮಡಿಲಲ್ಲಿಟ್ಟುಕೊಂಡು ಒಮ್ಮೆ ಉಸಿರುಬಿಡಿ. ಪ್ರತಿ ಪುಟದಲ್ಲೂ ‘ಹೆದರಬೇಡಿ’ ಎಂದು ಸೇರಿಸಿದೆ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ಇಡೀ ಪ್ರೆಸ್ಸಿನಲ್ಲಿ ನನ್ನಷ್ಟು ಹೆದರಿದವರು ಇನ್ನೊಬ್ಬರಿಲ್ಲ ಅಕ್ಕಾ.

ನಿನ್ನೆ ಕರಡು ತಿದ್ದುವ ಮೇಷ್ಟ್ರು ಆ ಹಾಳೆಗಳನ್ನು ಹಿಡಿದುಕೊಂಡು ನನ್ನ ಮೇಜಿಗೆ ಬಂದರು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದುವ ಮನುಷ್ಯ, ನಿನಗೆ ಹೇಳಿದ್ದೆನಲ್ಲ. ‘ಬಹಳ ಚೆನ್ನಾಗಿದೆಯಮ್ಮ’ ಎಂದರು. ಆಮೇಲೆ ಕುರ್ಚಿ ಎಳೆದು ಹತ್ತಿರ ಕೂತು, ‘ಒಂದು ಕೇಳ್ಲಾ? ಇಷ್ಟುದ್ದ ಬರೆದಿದ್ದೀರಿ, ಎಲ್ಲೂ ನೀಲಿ ಗುಂಡಿ, ಎಡಗಡೆ ಚಿತ್ರ, ಇಲ್ಲಿ ನೋಡಿ ಅನ್ನೋ ಮಾತೇ ಇಲ್ಲ. ಎಲ್ಲಾ ಇಷ್ಟು ಸಲ ಒತ್ತಿ, ಇಂಥ ಸದ್ದು ಬರತ್ತೆ, ಅಷ್ಟೇ’ ಎಂದರು. ಅಭ್ಯಾಸವಾಗಲಿ ಎಂದು ಪರದೆ ಆರಿಸಿ, ಬರೀ ಕಿವಿಯಿಂದ ಕೆಲಸ ಮಾಡುತ್ತಾ ಬರೆದದ್ದು ಅದು. ನೋಡುವವರಿಗಾಗಿ ಬರೆಯುತ್ತಿದ್ದೇನೆ ಎಂಬುದೇ ನನಗೆ ಮರೆತುಹೋಗಿತ್ತು.

ಅವರು ‘ನಾನೇ ಅಲ್ಲಲ್ಲಿ ನೋಡಿ ಅಂತ ಸೇರಿಸ್ತೀನಿ ಬಿಡಿ, ಯಾರಿಗೂ ಹೇಳಲ್ಲ’ ಎಂದು ಮೆಲ್ಲಗೆ ಹೇಳಿ ಎದ್ದುಹೋದರು. ಜೋರು ಮಾಡಿದ್ದರೆ ಎದುರುತ್ತರ ಕೊಡುತ್ತಿದ್ದೆ, ನನ್ನ ಬಾಯಿ ನಿನಗೆ ಗೊತ್ತಲ್ಲ. ಆ ಮೆಲುದನಿಗೆ ನಡುಗಿಬಿಟ್ಟೆ. ಕೊನೆಕೊನೆಗೆ ಎಲ್ಲರೂ ಅಮ್ಮನ ಹತ್ತಿರ ಹಾಗೆಯೇ ಮಾತಾಡುತ್ತಿದ್ದರು. ಯಂತ್ರದ ದನಿಗಾದರೆ ಆ ಕನಿಕರವೂ ಇಲ್ಲ. ‘ತೆರೆಯಲಾಗಿದೆ’ ಎನ್ನುವುದನ್ನೂ ‘ಅಳಿಸಲಾಗಿದೆ’ ಎನ್ನುವುದನ್ನೂ ಒಂದೇ ರಾಗದಲ್ಲಿ ಹೇಳುತ್ತದೆ. ಇನ್ನು ಮುಂದೆ ಪುಸ್ತಕ, ಕಾಗದ, ನಿನ್ನ ಪತ್ರ ಎಲ್ಲವನ್ನೂ ಆ ಒಂದೇ ದನಿಯಲ್ಲಿ ಕೇಳಬೇಕಲ್ಲ ಎಂದು ನೆನೆದರೆ ಊಟ ಸೇರುವುದಿಲ್ಲ.

ಇರಲಿ. ಭಾವನಿಗೆ ನಮಸ್ಕಾರ ತಿಳಿಸು. ಮಗಳಿಗೆ ಪ್ರೀತಿ, ಕೂಸಿನ ಎರಡೂ ಕೆನ್ನೆಗೆ ಮುತ್ತು. ಅದು ಯಾರ ಹಾಗಿದೆ ಎಂದು ಬಿಡಿಸಿ ಬರೆ.

ನಿನ್ನ ತಂಗಿ

ಮರೆತೆ: ಬರಬೇಡ ಎಂದೆನಲ್ಲ, ಅದು ಸುಳ್ಳು. ಬಾ. ಎಡಗಣ್ಣಿನ ವಿಷಯವನ್ನೂ ಪೂರ್ತಿ ಹೇಳಲಿಲ್ಲ. ಬಂದಾಗ ನಿನ್ನ ಅಭ್ಯಾಸದಂತೆ ಸದ್ದಿಲ್ಲದೆ ಬಾಗಿಲು ತಳ್ಳಿ, ಎದುರಿಗೆ ಬಂದು ನಗುತ್ತಾ ನಿಂತುಬಿಡಬೇಡ. ಹೊಸಿಲಲ್ಲೇ ನಿಂತು, ‘ನಾನು ಕಣೇ, ಅಕ್ಕ’ ಎಂದು ಹೇಳು.