ಬೇಡವೆಂದರೂ ಕಟ್ಟಿದ ತೆರಿಗೆ

ಮನೆಯಿಂದ,
ಭಾನುವಾರ ಮಧ್ಯಾಹ್ನ

ನನ್ನವರೇ,

ಗುರುವಾರ ಬೆಳಗ್ಗೆ ನಿಮ್ಮ ಮಂತ್ರಿ ಬಂಗಲೆಯಿಂದ ತಿಂಡಿಗೂ ಕಾಯದೆ ಹೊರಟು ಬಂದೆನೆಂದು ನಿಮಗೆ ಬೇಸರವಾಗಿದೆಯಂತೆ. ಮಗಳು ಫೋನ್ ಮಾಡಿ ಹೇಳಿದಳು. ತಲೆನೋವು ಎಂದು ಅಡುಗೆಯವರಿಗೆ ಹೇಳಿ ಬಂದಿದ್ದೆ. ತಲೆ ನೋಯುತ್ತಿರಲಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನೀವು ನಡುವೆ ಬಾಯಿ ಹಾಕಿ ನನ್ನನ್ನು ನಗಿಸಿಬಿಡುತ್ತೀರಿ. ನಕ್ಕರೆ ನಾನು ಸೋತ ಹಾಗೆಯೇ. ಅದಕ್ಕೇ ಈ ಕಾಗದ. ಪೂರ್ತಿ ಓದಿ, ಅರ್ಧಕ್ಕೆ ಕಾರ್ಯದರ್ಶಿಯ ಕೈಗೆ ಕೊಡಬೇಡಿ.

ಬುಧವಾರ ಸಂಜೆ ನಿಮ್ಮ ವಕೀಲ ಗೆಳೆಯ ಬಂದಿದ್ದರಲ್ಲ, ಆಗ ನಾನು ಚಹಾದ ಟ್ರೇ ಹಿಡಿದು ಬಾಗಿಲ ಹೊರಗೆ ನಿಂತಿದ್ದೆ. ಕದ್ದು ಕೇಳಿದ್ದಲ್ಲ, ಎರಡೂ ಕೈಯಲ್ಲಿ ಟ್ರೇ, ಬಾಗಿಲು ತಳ್ಳುವುದು ಹೇಗೆ? ಅವರು ಹೇಳುತ್ತಿದ್ದರು, “ಬಂದ ಕೆಲ್ಸ ಮುಗೀತಲ್ಲೋ. ಷೇರು ಮಾರಿದ್ದಾಯ್ತು, ತೆರಿಗೆ ಒಂದು ಬಿಡಿಗಾಸೂ ಇಲ್ಲ. ಇನ್ನೂ ಯಾಕೆ ಕುರ್ಚಿಗೆ ಅಂಟ್ಕೊಂಡಿದ್ದೀಯ? ಆರೋಗ್ಯ ಸರಿ ಇಲ್ಲ ಅಂತ ಬರ್ದು ಕೊಟ್ಟು ಬಾ.” ನೀವು ಬೈಯುತ್ತೀರಿ ಎಂದುಕೊಂಡೆ. ನೀವು ನಕ್ಕಿರಿ. “ತಡಿಯೋ, ವರ್ಷ ತುಂಬ್ಲಿ. ಈಗ್ಲೇ ಬಿಟ್ರೆ ಜನ ಏನಂದ್ಕೊಳ್ತಾರೆ?” ಎಂದಿರಿ.

ಒಳಗೆ ಬಂದು ಚಹಾ ಇಟ್ಟೆ. ಆರಿ ಹೋಗಿದೆ ಎಂದಿರಿ. ಬೇರೆ ಮಾಡಿಕೊಂಡು ಬಂದೆ.

ನಾನು ಕಾನೂನು ಓದಿದವಳಲ್ಲ. ನೀವು ಆರೋಗ್ಯ ಮಂತ್ರಿಯಾದಾಗ ನೀವೇ ಅಡುಗೆಮನೆಯ ಕಟ್ಟೆಯ ಮೇಲೆ ಕೂತು ನನಗೆ ತಿಳಿಸಿ ಹೇಳಿದ್ದಿರಿ. ನಮ್ಮ ಕಾರ್ಖಾನೆಯ ಔಷಧದ ಸೀಸೆಗಳು ಸರ್ಕಾರಿ ಆಸ್ಪತ್ರೆಗಳಿಗೆ ಹೋಗುತ್ತವೆ. ಆದ್ದರಿಂದ ಮಂತ್ರಿಯ ಮನೆಯಲ್ಲಿ ಆ ಷೇರು ಇರಕೂಡದು; ಗಂಡನದೂ ಹೆಂಡತಿಯದೂ ಮಾರಲೇಬೇಕು. ಒತ್ತಾಯದ ಮಾರಾಟವಾದ್ದರಿಂದ ಲಾಭದ ಮೇಲಿನ ತೆರಿಗೆಯನ್ನು ಸರ್ಕಾರ ಬಿಟ್ಟುಕೊಡುತ್ತದೆ. ನನಗೂ ನ್ಯಾಯವೆನ್ನಿಸಿತು. ಜನರ ಕೆಲಸಕ್ಕೆ ಬನ್ನಿ ಎಂದು ಕರೆದು, ಬಂದವರ ಜೇಬಿಗೆ ಕೈ ಹಾಕುವುದು ಸರಿಯಲ್ಲ. ಅಪ್ಪ ಕಟ್ಟಿದ ಕಾರ್ಖಾನೆ. ನನ್ನ ಅರ್ಧ ಪಾಲು ಮಾರಲು ಸಹಿ ಹಾಕುವಾಗ ಅಳು ಬಂತು. ನಿಮಗೆ ತೋರಿಸಿಕೊಳ್ಳಲಿಲ್ಲ. ದೊಡ್ಡ ಕೆಲಸಕ್ಕೆ ಹೊರಟಿದ್ದೀರಿ, ನನ್ನ ಅಳು ಯಾಕೆ ಅಡ್ಡ ಬರಬೇಕು ಎಂದುಕೊಂಡೆ. ಆದರೆ ಕೆಲಸಕ್ಕೆಂದು ಕೊಟ್ಟ ಮಾಫಿ ಬೇರೆ, ಮಾಫಿಗೆಂದೇ ಹಿಡಿದ ಕೆಲಸ ಬೇರೆ. ಎರಡನೆಯದನ್ನು ಏನೆಂದು ಕರೆಯುತ್ತಾರೆ ಎಂದು ನನಗೆ ಗೊತ್ತು. ಬರೆಯಲು ಮನಸ್ಸು ಬರುತ್ತಿಲ್ಲ.

ಹಾಗಾಗಿ ಶುಕ್ರವಾರ ಇಲ್ಲಿನ ತೆರಿಗೆ ಕಚೇರಿಗೆ ಹೋದೆ.

ಕೌಂಟರಿನಲ್ಲಿದ್ದಾಕೆ ಕನ್ನಡಕವನ್ನು ಹಣೆಯ ಮೇಲೆ ಏರಿಸಿ ನನ್ನನ್ನೇ ನೋಡಿದರು. “ಅಮ್ಮಾ, ನಿಮ್ಗೆ ಮಾಫಿ ಇದೆ, ಕಟ್ಬೇಕಾಗಿಲ್ಲ.” ಗೊತ್ತು, ಆದರೂ ಕಟ್ಟುತ್ತೇನೆ ಎಂದೆ. “ಇಲ್ಲದ ತೆರಿಗೆ ಹೇಗಮ್ಮಾ ತಗೊಳ್ಲಿ? ಕಂಪ್ಯೂಟರ್ ಒಪ್ಪಲ್ಲ!” ನನ್ನ ಹಿಂದೆ ಸಾಲು ಬೆಳೆಯಿತು. ಬಾಡಿಗೆ ಕಾರು ಓಡಿಸುವವರೊಬ್ಬರು, “ಅಕ್ಕಾ, ಅಷ್ಟೊಂದು ಆಸೆ ಇದ್ರೆ ನಂದೂ ಕಟ್ಬಿಡಿ” ಎಂದರು. ಸಾಲಿಗೆ ಸಾಲೇ ನಕ್ಕಿತು, ನಾನೂ ನಕ್ಕೆ. ಕೊನೆಗೆ ಹಿರಿಯ ಅಧಿಕಾರಿ ಒಳಗೆ ಕರೆದು ಕೂರಿಸಿದರು. ನೀರು ಕೊಟ್ಟರು, ಫ್ಯಾನು ಜೋರು ಮಾಡಿದರು, ಮನೆಯಲ್ಲಿ ಎಲ್ಲ ಆರಾಮವಾ ಎಂದು ಮೆಲ್ಲಗೆ ವಿಚಾರಿಸಿದರು. ನನಗೆ ತಲೆ ಕೆಟ್ಟಿದೆಯೋ ಎಂಬ ಅನುಮಾನ, ಪಾಪ. ನಾನು ಏಳುವ ಲಕ್ಷಣ ಕಾಣದಿದ್ದಾಗ ಅವರೇ ಒಂದು ದಾರಿ ಹುಡುಕಿದರು: ಖಜಾನೆಗೆ ಯಾರು ಬೇಕಾದರೂ ಸ್ವಂತ ಇಷ್ಟದಿಂದ ಹಣ ಕೊಡಬಹುದಂತೆ. “ಸಾಹೇಬ್ರಿಗೆ ಮುಜುಗರ ಆಗಲ್ವಾ ಮೇಡಂ?” ಎಂದರು. ಆಗುತ್ತದೆ ಎಂದೆ. ಬೇರೆಯವರಾಗಿದ್ದರೆ ಎಷ್ಟು ಕಟ್ಟಬೇಕಿತ್ತೋ ಅಷ್ಟನ್ನೂ ಕಟ್ಟಿದೆ. ನನ್ನ ಪಾಲಿನದು ಮಾತ್ರ. ನಿಮ್ಮದು ನಿಮಗೆ ಬಿಟ್ಟದ್ದು.

ಕೋಪ ಬಂತೇ? ಬರಲಿ. ಬಂದ ಕೋಪ ನಿಮ್ಮಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ನನಗೆ ಗೊತ್ತಿಲ್ಲವೇ?

ಮಂತ್ರಿಯಾದ ಹೊಸತರಲ್ಲಿ ನೀವು ಹೇಳದೆ ಕೇಳದೆ ಮಕ್ಕಳ ಆಸ್ಪತ್ರೆಗೆ ಹೋಗಿದ್ದಿರಿ. ಒಂದು ಮಂಚದ ಮೇಲೆ ಮೂರು ಮಕ್ಕಳು, ತಾಯಂದಿರು ನೆಲದ ಮೇಲೆ. ಅಲ್ಲಿನ ಮೆಟ್ಟಿಲ ಮೇಲಿಂದಲೇ ನನಗೆ ಫೋನ್ ಮಾಡಿ, “ಇದನ್ನ ಸರಿ ಮಾಡ್ದೆ ಇದ್ರೆ ನಾನ್ಯಾಕೆ ಇರ್ಬೇಕು ಹೇಳು?” ಎಂದಿರಿ. ದನಿ ಒಡೆದಿತ್ತು. ಎಷ್ಟೋ ವರ್ಷಗಳಿಂದ ನಿಮ್ಮ ಆ ದನಿಯನ್ನು ನಾನು ಕೇಳಿರಲಿಲ್ಲ. ಆ ದಿನ ಇಲ್ಲಿ ಒಬ್ಬಳೇ ಕೂತು ಹೆಮ್ಮೆಪಟ್ಟೆ. ಹೊಸ ಕಟ್ಟಡಕ್ಕೆ ಪಾಯ ಬಿದ್ದಿದೆಯಂತೆ. ನೀವು ಎದ್ದು ಬಂದರೆ ಅದು ಪಾಯವಾಗಿಯೇ ಉಳಿಯುತ್ತದೆ. ಮುಂದೆ ಬರುವವರು ಬೇರೆಲ್ಲೋ ಗುದ್ದಲಿ ಹಾಕುತ್ತಾರೆ. ಹಣಕ್ಕಾಗಿ ಹೋದವರೇ ಆಗಿರಲಿ, ಹೋದ ಮೇಲೆ ಆ ಕೆಲಸ ನಿಮ್ಮನ್ನು ಹಿಡಿದುಕೊಂಡಿತ್ತು. ವಕೀಲರ ಮುಂದೆ ನಕ್ಕಿರಲ್ಲ, ಆ ನಗೆಯಲ್ಲಿ ನನಗೆ ಸ್ವಲ್ಪ ನಾಚಿಕೆಯೂ ಕೇಳಿಸಿತು. ನನ್ನ ಕಿವಿಯ ತಪ್ಪಾಗದಿರಲಿ.

ರಾಜೀನಾಮೆ ಕೊಡಬೇಡಿ. ಅವಧಿ ಪೂರ್ತಿ ಇರಿ. ನಾನೂ ಅಲ್ಲಿಗೇ ಬಂದು ಇರುತ್ತೇನೆ; ಕಾರ್ಖಾನೆ ಕೈಬಿಟ್ಟ ಮೇಲೆ ನನಗಿಲ್ಲೇನು ಕೆಲಸ? ಆ ಭಾರಿ ಮಂಚದ ಒಂದು ಮೂಲೆಯಲ್ಲಿ ನೀವು ಮುದುರಿಕೊಂಡು ಮಲಗುವುದನ್ನು ನೋಡಿ ಬಂದಿದ್ದೇನೆ. ಮಾತ್ರೆ ಮರೆಯಬೇಡಿ.

ನಿಮ್ಮ ಮೇಲೆ ಜೀವ ಇಟ್ಟುಕೊಂಡಿರುವ,
ನಿಮ್ಮ ಹಟಮಾರಿ ಹೆಂಡತಿ

ಮರೆತ ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ಪತ್ರಿಕೆಯ ವರದಿಗಾರ್ತಿಯೊಬ್ಬಳು ಫೋನ್ ಮಾಡಿದಳು. ಶುಕ್ರವಾರದ ಸುದ್ದಿ ಹೇಗೋ ಹೊರಗೆ ಬಿದ್ದಿದೆ. “ಇದು ಸಾಹೇಬ್ರಿಗೆ ಗೊತ್ತಾ ಮೇಡಂ?” ಎಂದು ಕೇಳಿದಳು. ಇಲ್ಲ ಎನ್ನಬೇಕಿತ್ತು. ನಿಮ್ಮ ಮುಖ ಕಣ್ಣ ಮುಂದೆ ಬಂತು, ನಾಲಿಗೆ ಹೊರಳಿಬಿಟ್ಟಿತು. “ಕಟ್ಟು ಅಂದಿದ್ದೇ ಅವ್ರು. ಮೊದ್ಲು ನಿಂದು ಕಟ್ಟು, ಹಿಂದೇನೇ ನಂದೂ ಕಟ್ತೀನಿ ಅಂದ್ರು” ಎಂದೆ. ನಾಳೆ ಬೆಳಗ್ಗೆ ಮೊದಲ ಪುಟದಲ್ಲಿ ನಿಮ್ಮನ್ನು ಹೊಗಳಿ ಬರೆಯುತ್ತಾರಂತೆ. ಪತ್ರಿಕೆಗಿಂತ ಮೊದಲೇ ನಿಮ್ಮ ಕೈ ಸೇರಲೆಂದು ಇದನ್ನು ಡ್ರೈವರ್ ಜೊತೆ ಕಳಿಸುತ್ತಿದ್ದೇನೆ. ಮದುವೆಯಾದಾಗಿನಿಂದ ನಿಮ್ಮ ಹೆಸರಿನಲ್ಲಿ ನಾನು ಹೇಳಿದ ಮೊದಲ ಸುಳ್ಳು ಇದು. ಅದನ್ನು ನಿಜ ಮಾಡಬಲ್ಲವರು ನೀವೊಬ್ಬರೇ. ತೆರಿಗೆ ಕಚೇರಿ ಹತ್ತಕ್ಕೆ ತೆರೆಯುತ್ತದೆ.