ಅಂಚೆಯವನ ಪ್ಯಾಂಟು ಮತ್ತು ಬಿಳಿ ಹಕ್ಕಿ

ಹೊಲಿಗೆ ಅಂಗಡಿ,
ಗುರುವಾರ ಸಂಜೆ

ಪ್ರೀತಿಯ ತಂಗೀ,

ಹೇಗಿದ್ದೀಯ? ಕೆಮ್ಮು ಬಿಟ್ಟಿತೇ? ಬರೆಯಲು ಕುಳಿತರೆ ಊಟ ಮರೆಯುವವಳು ನೀನು, ಅದಕ್ಕೇ ಮೊದಲು ಇದನ್ನು ಕೇಳುತ್ತಿದ್ದೇನೆ. ನಾವು ಚೆನ್ನಾಗಿದ್ದೇವೆ. ಅಮ್ಮನ ಮೊಣಕಾಲು ಮಾತ್ರ ಮಳೆಗೆ ಮುಂಚೆಯೇ ಸುದ್ದಿ ಕೊಡುತ್ತಿದೆ.

ಈ ಕಥೆಯನ್ನು ಮೊದಲು ಹೇಳಿದವಳು ಅಮ್ಮ, ನೆರೆ ಇಳಿದ ಮರುದಿನ, ಶಾಲೆಯ ಜಗಲಿಯಲ್ಲಿ ಒದ್ದೆ ಬಟ್ಟೆ ಹಿಂಡುತ್ತ. ಹೊಲಿಗೆಗೆ ಬಂದಿದ್ದ ಗಿರಾಕಿಗಳ ಬಟ್ಟೆಗಳನ್ನೆಲ್ಲ ತಾನು ಒಂದಕ್ಕೊಂದು ಗಂಟು ಹಾಕಿ ಹಗ್ಗ ಮಾಡಿ, ಅಟ್ಟದ ಕಿಟಕಿಯಿಂದ ಇಳಿಬಿಟ್ಟು, ಬೀದಿಯವರನ್ನು ಒಬ್ಬೊಬ್ಬರಾಗಿ ಮೇಲೆಳೆದ ಕಥೆ. ಅದನ್ನೇ ನೀನು ಕಾದಂಬರಿ ಮಾಡಿದೆ. ಈಗ ಪ್ರಕಾಶಕರು, ಸಂಕೇತವಾಗಿ ಹಗ್ಗ ತೀರಾ ಸಪ್ಪೆ, ಅದನ್ನು ತೆಗೆದು ನೀರಿನ ಮೇಲೊಂದು ಬಿಳಿ ಹಕ್ಕಿ ಹಾರಿಸಿ ಅನ್ನುತ್ತಿದ್ದಾರೆ, ಒಪ್ಪದಿದ್ದರೆ ಪುಸ್ತಕವೇ ಇಲ್ಲ ಎಂದು ಬರೆದಿದ್ದೀಯ. "ಅಣ್ಣಾ, ಏನ್ ಮಾಡ್ಲಿ?" ಎಂದು ಕೇಳಿದ್ದೀಯ.

ನಾನೇನು ಪಂಡಿತನೇ? ನೀನು ಕಳಿಸಿದ ಪ್ರತಿಯನ್ನು ನಿನ್ನೆ ಸಂಜೆ ಅಂಗಡಿಯಲ್ಲಿ ಎಲ್ಲರೆದುರು ಗಟ್ಟಿಯಾಗಿ ಓದಿದೆ. ಬಂದವರೆಲ್ಲ ಅಂದು ಆ ಹಗ್ಗ ಹಿಡಿದು ಹತ್ತಿದವರೇ. ಹಕ್ಕಿಯ ಸುದ್ದಿ ಕೇಳಿ ಅಂಚೆಯವನು, "ಹಕ್ಕಿ ಕಾಲು ಹಿಡ್ಕೊಂಡು ಮೇಲೆ ಹತ್ತೋಕಾಗತ್ತಾ?" ಎಂದ. ಆದರೆ ಬೈಗುಳದಲ್ಲಿ ನಿನಗೂ ಪಾಲು ಸಿಕ್ಕಿತು. ಹಗ್ಗವನ್ನು ನೀನು ಉದ್ದನೆಯ ಒಂದೇ ಕೆಂಪು ಬಟ್ಟೆ ಮಾಡಿಬಿಟ್ಟಿದ್ದೀಯಲ್ಲ! "ನನ್ ಪ್ಯಾಂಟ್ ಎಲ್ಲಿ ಹೋಯ್ತು? ಹಗ್ಗದ ಮೊದಲನೇ ಗಂಟು ಅದ್ರದ್ದೇ!" ಎಂದು ಅಂಚೆಯವನು ಎದ್ದೇ ನಿಂತ. ಟೀಚರಮ್ಮ ತಮ್ಮ ಹಸಿರು ಪರದೆ ಎಲ್ಲಿ ಎಂದು ಕೇಳಿದರು. ಬೇಕರಿಯವಳು, "ನನ್ ಮದುವೆ ಬಟ್ಟೆ ಒಂದೆಳೆನೂ ಹರೀಲಿಲ್ಲ ಕಣಪ್ಪಾ, ಬರಿಯೋಕೆ ಹೇಳು ನಿಮ್ ತಂಗಿಗೆ" ಎಂದಳು. ಅಮ್ಮ ಮಿಷನ್ ನಿಲ್ಲಿಸಿ, "ಅವತ್ತು ನಾನು ನೀರಿಗಿಂತ ಜಾಸ್ತಿ ಹೆದರಿದ್ದು ಇವರ ಬಟ್ಟೆ ಮುಟ್ಟೋಕೆ" ಎಂದು ನಕ್ಕಳು.

ಆದ್ದರಿಂದ ಹಕ್ಕಿಗೆ ಒಪ್ಪಬೇಡ. ಯಾರ್ಯಾರ ಬಟ್ಟೆ ಇತ್ತೋ ಅಷ್ಟನ್ನೂ ಬರೆ, ಹಗ್ಗದ ಅರ್ಥ ಅದರಲ್ಲೇ ಇದೆ. ಇವರು ಅಚ್ಚು ಹಾಕದಿದ್ದರೆ ಇನ್ನೊಬ್ಬರನ್ನು ಹುಡುಕೋಣ. ಹೊತ್ತಿಗೆ ಸರಿಯಾಗಿ ಉಣ್ಣು. ಅಮ್ಮನ ಆಶೀರ್ವಾದ, ಬೀದಿಯವರೆಲ್ಲರ ನೆನಪುಗಳು.

ನಿನ್ನ ಅಣ್ಣ

ಅಯ್ಯೋ, ಮುಖ್ಯವಾದದ್ದೇ ಬಿಟ್ಟುಹೋಯಿತು: ಇಂದು ಬೆಳಗ್ಗೆ ಅಂಗಡಿ ಬಾಗಿಲು ತೆಗೆದರೆ ನಿನ್ನೆ ಬಂದವರೆಲ್ಲ ಹಳೆಯ ಬಟ್ಟೆ ಹಿಡಿದು ನಿಂತಿದ್ದರು. ಅಂಚೆಯವನು ಮತ್ತೆ ಪ್ಯಾಂಟನ್ನೇ ತಂದಿದ್ದ. ಮಳೆ ಹತ್ತಿರ ಬಂತಲ್ಲ, ಹೊಸ ಹಗ್ಗ ಮಾಡಿ ಅಟ್ಟದ ಕಿಟಕಿಗೆ ಕಟ್ಟಿದ್ದೇವೆ. ನೆಲ ಮುಟ್ಟಲು ಇನ್ನೊಂದು ತುಂಡು ಬೇಕು. ಅದು ನಿನ್ನದಾಗಬೇಕೆಂದು ಅಮ್ಮನ ಹಟ, ಬೇಗ ಕಳಿಸು. ಬಿಳಿಯದು ಮಾತ್ರ ಬೇಡವಂತೆ.