ಪಕ್ಕದ ಸೀಟು

ಮಾರ್ಚ್ 3

ಇವತ್ತೂ ಅದೇ ಸುತ್ತಾಟ. ಹಳೇ ಕಾರುಗಳ ಬ್ರೋಕರ್ ಡ್ರೈವರ್ ಕಡೆಯ ಬಾಗಿಲು ತೆಗೆದು ನಿಂತ. ನಾನು ಆ ಕಡೆ ಹೋಗಲೇ ಇಲ್ಲ. ಪಕ್ಕದ ಸೀಟಿಗೆ ಹತ್ತಿದೆ, ಇಳಿದೆ, ಮತ್ತೆ ಹತ್ತಿದೆ. "ಮೇಡಂ, ಓಡಿಸೋರು ನೀವೇ ತಾನೇ?" ಅಂದ. ಹೌದಪ್ಪ, ಆದ್ರೆ ಕೂರೋಳು ಅಕ್ಕ. ಸೊಂಟದ ಆಪರೇಷನ್ ಆದಮೇಲೆ ಅವಳು ತಗ್ಗಿ ಕೂರೋ ಹಾಗಿಲ್ಲ. ಮಾಮೂಲಿ ಕಾರು ಆಗಲ್ಲ, ಸೀಟು ಎತ್ತರ ಇರೋ ಚಿಕ್ಕ ಎಸ್‌ಯುವಿನೇ ಬೇಕು. ಹೊಸದು ಕೊಳ್ಳೋ ಯೋಗ್ಯತೆ ನನಗೆಲ್ಲಿ?

ಭಾನುವಾರವಾದ್ರೂ ಅವಳನ್ನ ಕೇರ್ ಹೋಮಿಂದ ಮನೆಗೆ ಕರ್ಕೊಂಡು ಬರಬೇಕು. ಅಷ್ಟೇ ಆಸೆ. ಒಬ್ಬಳೇ ಗೋಡೆ ನೋಡ್ಕೊಂಡು ಉಂಡು ಉಂಡು ನನಗೆ ಸಾಕಾಗಿದೆ.

ಮಾರ್ಚ್ 9

ಬಿಳಿ ಗಾಡಿ. ಪಳಪಳ ಅಂತಿತ್ತು. ಮನಸ್ಸು ಜಾರಿಯೇ ಹೋಯ್ತು. ಜೊತೆಗೆ ಕರ್ಕೊಂಡು ಹೋಗಿದ್ದ ಮೆಕ್ಯಾನಿಕ್ ಮ್ಯಾಟ್ ಎತ್ತಿ ಮೂಸಿದ, ಸೀಟ್ ಬೆಲ್ಟ್ ಪೂರ್ತಿ ಎಳೆದ — ತುದೀಲಿ ಕೆಸರಿನ ಗೆರೆ. "ನೀರಲ್ಲಿ ಮುಳುಗೆದ್ದ ಗಾಡಿ. ಬೆಳ್ಳಗಿರೋದೆಲ್ಲ ಹಾಲಲ್ಲ ಮೇಡಂ."

ಬ್ರೋಕರ್ ಮುಖ ಇಂಗು ತಿಂದ ಮಂಗನ ಹಾಗಾಯ್ತು. ನನ್ನದೂ.

ಮಾರ್ಚ್ 22, ಸಂಜೆ

ಸಿಕ್ತು. ರಿಟೈರ್ ಆದ ನರ್ಸ್ ಒಬ್ಬರದ್ದು. ಬಣ್ಣ ಮಾಸಿದೆ, ಬಂಪರ್ ಸೊಟ್ಟ. ಇಂಜಿನ್ ಗಟ್ಟಿ, ಕಣ್ಮುಚ್ಚಿ ತಗೊಳ್ಳಿ ಅಂದ ಮೆಕ್ಯಾನಿಕ್. ನಾಚಿಕೆ ಬಿಟ್ಟು ಚೌಕಾಸಿ ಮಾಡಿದೆ. ಮನೆ ಮುಂದೆ ನಿಲ್ಲಿಸಿ ಪಕ್ಕದ ಸೀಟಲ್ಲಿ ಎಷ್ಟೋ ಹೊತ್ತು ಕೂತೆ. ಮಾತಾಡೋಣ ಅಂದ್ರೆ ಸ್ಟೀರಿಂಗ್ ಕಡೆ ಯಾರೂ ಇಲ್ಲ… ಹುಚ್ಚಿ ನಾನು.

ಮಾರ್ಚ್ 27, ಭಾನುವಾರ

ಅಕ್ಕ ಸಲೀಸಾಗಿ ಹತ್ತಿದಳು. ತಿರುಗಿ ನೋಡ್ತೀನಿ, ಅವಳ ರೂಮಿನ ಇಬ್ಬರು ಹಿಂದೆ ಆಗಲೇ ಕೂತಾಗಿದೆ. ಮನೆಗೆ ಹೋಗೋಣ ಅಂದೆ. "ಮನೇಲಿ ಏನಿದೆ ಕಣೇ? ಕೆರೆ ಕಡೆ ಹೊಡಿ" ಅಂದಳು ಅಕ್ಕ. ದಾರಿ ಪೂರ್ತಿ ಮೂವರದೂ ನಗು. ಯಾರ್ಯಾರದೋ ಕಥೆ, ನನಗೆ ತಲೆಬುಡ ತಿಳೀಲಿಲ್ಲ. ನಾಲ್ಕಕ್ಕೆಲ್ಲ ವಾಪಸ್ ಬಿಡಬೇಕಂತೆ. ಕೇರಂ ಇದೆಯಂತೆ.

ಹೊಟ್ಟೆ ಉರೀತು. ಅವಳು ಚೆನ್ನಾಗಿದ್ದಾಳೆ ಅಂತ ಖುಷಿ ಪಡಬೇಕು ತಾನೇ? ಬೆಳಗ್ಗೆ ಇಬ್ಬರಿಗೆ ಮಾಡಿಟ್ಟ ಅಡುಗೆ ಹಾಗೇ ಇದೆ. ಬಡಿಸ್ಕೊಳ್ಳೋಕೂ ಬೇಜಾರು.

ಏಪ್ರಿಲ್ 1

ಅಕ್ಕನ ಫೋನು. ಈ ಸಲ ಹಿಂದೆ ಮೂರು ಜನ ಅಂತೆ. "ಗಾಡಿ ಭಾರಿ ಚೆನ್ನಾಗಿದೆ ಕಣೇ. ಇಲ್ಲಿ ಎಲ್ಲರ ಬಾಯಲ್ಲೂ ನಿಂದೇ ಮಾತು." ಸರಿ ಅಂದೆ. ಇಡ್ತೀನಿ ಅಂದಳು. ಒಂದ್ನಿಮಿಷ ಅಂದೆ. ಕೇಳೇಬಿಟ್ಟೆ — ಅಕ್ಕಾ, ಅಲ್ಲಿ ನನಗೂ ಒಂದು ಮಂಚ ಏನಾದ್ರೂ ಖಾಲಿ…